ಅಕ್ಕನ ಕಾಲು ಕಚ್ಚಿದ ಚಪ್ಪಲಿ

ನಾನು ಚಿಕ್ಕವನಿದ್ದಾಗ ಕೊಣನೂರಿನ ನಮ್ಮ ಬೀದಿಯಲ್ಲಿ ಹೆಂಗಸರು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಯುದ್ಧದ ಕಾಲ ಅದು. ಹೊಲಕ್ಕೂ ಬರಿಗಾಲು, ಸಂತೆಗೂ ಬರಿಗಾಲು. ಅಂಥದ್ದರಲ್ಲಿ ಅಕ್ಕನಿಗೆ ಮದುವೆ ಗೊತ್ತಾಯಿತು ನೋಡಿ, ಅರಕಲಗೂಡಿನ ಹುಡುಗನ ತಾಯಿ ಸೀರೆಯ ಜೊತೆಗೆ ಕೆಂಪು ಚಪ್ಪಲಿಯನ್ನೂ ಕಳಿಸಿದರು. ಪೇಟೆಯವರ ಜಂಬ! ನಮ್ಮನೆ ಸೊಸೆ ಹಳ್ಳಿ ಗುಗ್ಗಿನ ಹಾಗೆ ಬರಬಾರದು, ಈಗಿಂದಲೇ ಮೆಟ್ಟಿ ರೂಢಿ ಮಾಡಿಕೊಳ್ಳಲಿ ಎಂದು ಹೇಳಿಯೂ ಕಳಿಸಿದ್ದರು.

ಅಕ್ಕ ಪಾಪ, ಹಿತ್ತಲಲ್ಲಿ ದಿನಾ ಮೆಟ್ಟಿಕೊಂಡು ನಡೆದಳು. ತೊಗಲಿಗೆ ಹಚ್ಚಿದ ಬಣ್ಣದ ಘಾಟು ಮೂಗಿಗೆ ಬಡಿಯುತ್ತಿತ್ತು. ಪಾದದ ಮೇಲೆ ಕೆಂಪಗೆ ಗಂಧೆ ಎದ್ದು, ನೀರು ಒಸರಿ, ಪರಪರ ಕೆರೆದುಕೊಳ್ಳುವಳು. ಅವ್ವ ಬೇವು, ಅರಿಶಿನ ಅರೆದು ಹಚ್ಚಿದರೂ ಬೆಳಗಾದರೆ ಮತ್ತೆ ಅದೇ ಚಪ್ಪಲಿ. ಬೀಗರ ಮಾತು ಮೀರುವುದುಂಟೇ?

ಮದುವೆ ಹತ್ತಿರವಾದಾಗ ಒಂದು ಸಂತೆ ದಿನ ಆ ತಾಯಿ ನಮ್ಮ ಮನೆಗೆ ಬಂದರು. ಅಕ್ಕ ನೀರು ತಂದಿಟ್ಟಳು. ಅವಳ ಪಾದ ಕಣ್ಣಿಗೆ ಬಿದ್ದದ್ದೇ ತಡ, ಆಕೆ ಕಿರುಚಿಕೊಂಡರು.

"ಅಯ್ಯೋ ಶಿವನೇ! ಇದು ದೊಡ್ಡರೋಗ ಕಣ್ರಪ್ಪಾ! ಮುಚ್ಚಿಟ್ಟು ನಮ್ ತಲೆಗೆ ಕಟ್ಟಾಕೆ ನೋಡ್ತಿದ್ರಾ?"

ದೊಡ್ಡರೋಗ ಅಂದರೆ ಕುಷ್ಠ. ಆ ಮಾತು ಅಂಟಿದ ಹುಡುಗಿಯನ್ನು ಆಗ ಯಾರೂ ಮನೆಗೆ ತಂದುಕೊಳ್ಳುತ್ತಿರಲಿಲ್ಲ. ಬಾಗಿಲಲ್ಲಿ ಜನ ಸೇರಿಬಿಟ್ಟರು.

ಅಪ್ಪನಿಗೆ ಪಿತ್ತ ನೆತ್ತಿಗೇರಿತು. ಹಿತ್ತಲಿಂದ ಚಪ್ಪಲಿ ತಂದು ಅಕ್ಕನ ಪಾದದ ಪಕ್ಕ ಕುಕ್ಕಿದರು.

"ಕಣ್ಬುಟ್ಟು ನೋಡವ್ವಾ! ಪಟ್ಟಿ ಎಲ್ಲೆಲ್ಲಿ ತಾಗ್ತದೋ ಗಂಧೆ ಅಲ್ಲಲ್ಲೇ ಐತೆ. ರೋಗ ನಮ್ ಮಗೀಗಲ್ಲ, ನೀವ್ ಕಳಿಸಿದ್ ಎಕ್ಕಡಕ್ಕೆ!"

ನಿಜವೇ. ಪಟ್ಟಿ ಮುಟ್ಟದ ಬೆರಳು, ಹಿಮ್ಮಡಿ ನುಣ್ಣಗಿದ್ದವು. ಆಕೆಯೂ ನೋಡಿದರು. ತಪ್ಪಾಯಿತು ಅನ್ನಲಿಲ್ಲ. "ಇರ್ಲಿ, ವಾಸಿ ಆದ್ಮೇಲೆ ಬಂದು ನೋಡ್ತೀವಿ" ಎಂದು ಸೆರಗು ಕೊಡವಿದರು.

ದೊಡ್ಡವರೆದುರು ಬಾಯಿ ಬಿಡದ ಅಕ್ಕ ಆಗ ತಲೆಯೆತ್ತಿದಳು.

"ನೀವು ನೋಡಾದು ಬ್ಯಾಡ. ಈ ಕಾಲು ನಿಮ್ ಹೊಸ್ತಿಲು ತುಳಿಯಾಕಿಲ್ಲ."

ಭಲೇ ನಮ್ಮಕ್ಕ!

ಚಪ್ಪಲಿ ಬಿಟ್ಟ ಮೇಲೆ ಅಕ್ಕನ ಕಾಲು ವಾಸಿಯಾಯಿತು. ಊರ ಬಾಯಿ ಮುಚ್ಚಲಿಲ್ಲ. ಎಷ್ಟೋ ವರ್ಷ ಅವಳನ್ನು ಕೇಳಿಕೊಂಡು ಒಬ್ಬರೂ ಬರಲಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಿಮಗೇನು ಮಕ್ಕಳೇ, ಕಾಲು ಕೆರೆದರೆ ಸಂಜೆಗೆ ಮುಲಾಮು, ಮರುದಿನ ಬೇರೆ ಬೂಟು. ಅದು ಅಲರ್ಜಿ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ಡಾಕ್ಟರು ನಿಮ್ಮೆದುರೇ ಹೇಳಿದ್ದಾರೆ. ಆದರೂ ನಿಮ್ಮ ತರಗತಿಯ ಹುಡುಗಿಯೊಬ್ಬಳಿಗೆ ಬೂಟಿನಿಂದ ಹಾಗೇ ಆದಾಗ, ಅವಳ ಪಾದ ನೋಡಿ ಬೆಂಚು ಬಿಟ್ಟು ಎದ್ದುಹೋದಿರಂತಲ್ಲ? ಚಪ್ಪಲಿ ಕಳಿಸಿದ ಆ ಹೆಂಗಸಿಗೆ ಓದು ಇರಲಿಲ್ಲ. ನಿಮಗೇನು ಬಂದಿತ್ತು ಧಾಡಿ? ನಾಳೆ ಹೋಗಿ ಅವಳ ಪಕ್ಕದಲ್ಲೇ ಕೂತುಕೊಳ್ಳಿ. ಆಮೇಲೆ ಬಂದು ನನ್ನನ್ನು ತಾತಾ ಅನ್ನಿ.