ಸದಸ್ಯರ ಕಡೆಗೆ ತಿರುಗಿಸಿದ ಮಾನಿಟರ್

ಕಳೆದ ತಿಂಗಳ ಎರಡನೆಯ ಶನಿವಾರ, ಮಧ್ಯಾಹ್ನ ಮೂರು ಗಂಟೆ. ಸ್ಥಳ, ನಮ್ಮೂರ ಹಾಲಿನ ಸಂಘದ ಕೊಠಡಿ. ಹಾಜರಿದ್ದವರು ಅಧ್ಯಕ್ಷ ನಿಂಗೇಗೌಡ, ಹತ್ತು ಮಂದಿ ನಿರ್ದೇಶಕರು, ನಡಾವಳಿ ಬರೆಯುವ ನಾನು ಮತ್ತು ನನ್ನ ಹೊಸ ಮಾನಿಟರ್. ಕೊನೆಯದರ ಹೆಸರನ್ನು ಹಾಜರಿಯಲ್ಲಿ ನಮೂದಿಸಲಿಲ್ಲ. ನಮೂದಿಸಬೇಕಿತ್ತು. ಆ ದಿನ ಅದರಷ್ಟು ನಿಜ ಹೇಳಿದವರು ಸಭೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನಾಗಮಂಗಲದಲ್ಲಿ ಹನ್ನೆರಡು ವರ್ಷ, ಕೆ.ಆರ್. ಪೇಟೆಯಲ್ಲಿ ಹದಿನಾರು ವರ್ಷ ಗುಮಾಸ್ತಿಕೆ ಮಾಡಿ, ಪಾಂಡವಪುರದ ಹತ್ತಿರದ ನಮ್ಮೂರಿಗೆ ವಾಪಸು ಬಂದವನು ನಾನು. ಐದಕ್ಕೆ ಏಳುವುದು, ಐದೂವರೆಗೆ ನಡಿಗೆ, ಏಳಕ್ಕೆ ತಿಂಡಿ. ತಿಂಡಿ ತಡವಾದ ದಿನ ನನ್ನ ಹೆಂಡತಿ ಗಡಿಯಾರದ ಮುಳ್ಳನ್ನೇ ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿಟ್ಟಿರುತ್ತಾಳೆ ಎಂಬ ಅನುಮಾನ ನನಗಿದೆ. ವಿಚಾರಣೆ ಮಾಡಿಲ್ಲ. ಅಕ್ಷರ ಚೆನ್ನಾಗಿದೆ, ಮನುಷ್ಯ ಹೊತ್ತಿಗೆ ಸರಿಯಾಗಿ ಬರುತ್ತಾನೆ ಎಂದು ಎಂಟು ವರ್ಷದ ಹಿಂದೆ ಸಂಘದವರು ನಡಾವಳಿ ಬರೆಯುವ ಕೆಲಸವನ್ನು ನನಗೆ ವಹಿಸಿದರು. ಎರಡು ವರ್ಷದಿಂದ ಅದನ್ನು ಲ್ಯಾಪ್‌ಟಾಪಿನಲ್ಲಿ ಬರೆದು, ಅಚ್ಚು ತೆಗೆದು, ಪುಸ್ತಕಕ್ಕೆ ಅಂಟಿಸುತ್ತೇನೆ.

ಲ್ಯಾಪ್‌ಟಾಪಿನ ಅಕ್ಷರ ನನ್ನ ವಯಸ್ಸಿನ ಕಣ್ಣಿಗೆ ರಾಗಿಕಾಳಿನಷ್ಟು. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿತು. ಅದಕ್ಕೆ ಜೋಡಿಸುವ ದೊಡ್ಡ ಮಾನಿಟರ್ ಕೊಳ್ಳಲು ಶ್ರೀರಂಗಪಟ್ಟಣಕ್ಕೆ ಹೋದೆ. ಅಂಗಡಿಯವನು ಒಂದನ್ನು ತೋರಿಸಿ ಇಪ್ಪತ್ತನಾಲ್ಕು ಇಂಚು ಎಂದ. ನಾನು ಜೇಬಿನಿಂದ ಟೇಪು ತೆಗೆದು ಅಡ್ಡಲಾಗಿ ಹಿಡಿದೆ. ಇಪ್ಪತ್ತೊಂದೂ ಬರಲಿಲ್ಲ.

“ಮೂರಿಂಚು ಎಲ್ಲೋಯ್ತಪ್ಪ?” ಎಂದು ಕೇಳಿದೆ, ನಾಲ್ಕು ಜನ ಗಿರಾಕಿಗಳಿಗೆ ಕೇಳುವ ಹಾಗೆ.

“ಮೂಲೆಯಿಂದ ಮೂಲೆಗೆ ಇಡೀರಿ ಸಾ,” ಎಂದ. ಹಿಡಿದೆ. ಸರಿಯಾಗಿ ಇಪ್ಪತ್ತನಾಲ್ಕು. ಅವನು ನಗಲಿಲ್ಲ. ನಕ್ಕಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆದರೂ ಕೊಳ್ಳುವುದನ್ನು ಕ್ರಮವಾಗಿಯೇ ಕೊಂಡೆ. ಹೊಳೆಯುವ ಗಾಜಿನದು ಬೇಡ, ಕಿಟಕಿಯ ಬೆಳಕೆಲ್ಲ ಬಂದು ಅದರಲ್ಲಿ ಕೂರುತ್ತದೆ. ಕಾಲನ್ನು ಎತ್ತರ ತಗ್ಗು ಮಾಡುವಂತಿರಬೇಕು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ತಂತಿಯ ತುದಿ ನಮ್ಮ ಲ್ಯಾಪ್‌ಟಾಪಿನ ಕಿಂಡಿಗೆ ಕೂರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ನಾನು ಒಂದನ್ನು ಮಾತ್ರ ಯೋಚಿಸಿರಲಿಲ್ಲ: ಅದರ ಮುಖ ಯಾರ ಕಡೆಗಿರಬೇಕು?

ಅಂಗಡಿಯವನು ಎರಡು ವಿಧಾನ ಹೇಳಿಕೊಟ್ಟ. ಒಂದರಲ್ಲಿ ಲ್ಯಾಪ್‌ಟಾಪಿನಲ್ಲಿ ಇರುವುದೇ ಮಾನಿಟರಿನಲ್ಲೂ ಕಾಣುತ್ತದೆ. ಇನ್ನೊಂದರಲ್ಲಿ ಮೇಜನ್ನು ಉದ್ದ ಮಾಡಿದ ಹಾಗೆ, ಇಲ್ಲೊಂದು ಕಾಗದ, ಅಲ್ಲೊಂದು ಕಾಗದ ಹರಡಬಹುದು. ನನಗೆ ಎರಡನೆಯದು ಹಿಡಿಸಿತು. ಸಂಘದ ಸಭೆಗೂ ಮಾನಿಟರ್ ಒಯ್ಯಬೇಕು, ದೊಡ್ಡ ಪರದೆಯಲ್ಲಿ ಸದಸ್ಯರಿಗೆ ಅಂದಿನ ವಿಷಯಪಟ್ಟಿ ತೋರಿಸಬೇಕು, ಚಿಕ್ಕ ಪರದೆಯಲ್ಲಿ ನನ್ನ ನಡಾವಳಿ ನನ್ನ ಹತ್ತಿರವೇ ಇರಬೇಕು. ಸ್ವಲ್ಪ ಜಂಬವೂ ಇತ್ತು, ಇಲ್ಲವೆನ್ನಲಾರೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಾನು ನಡಾವಳಿಯನ್ನು ಸಭೆಯ ಹಿಂದಿನ ದಿನವೇ ಬರೆದಿಡುತ್ತೇನೆ.

ಹೌದು, ಹಿಂದಿನ ದಿನವೇ. ಸಭೆಯಲ್ಲಿ ಹತ್ತು ಜನ ಹತ್ತು ಮಾತಾಡುತ್ತಾರೆ, ನಡುವೆ ಹಸು ಕರು ಹಾಕಿದ ಸುದ್ದಿ ಬರುತ್ತದೆ, ಯಾವುದನ್ನು ಬರೆಯುವುದು? ಅದಕ್ಕೆ ಮೊದಲೇ ಸಿದ್ಧಮಾಡಿಟ್ಟರೆ ಸಭೆ ಮುಗಿದ ಐದು ನಿಮಿಷಕ್ಕೆ ಸಹಿ ಹಾಕಿಸಬಹುದು. ಪ್ರತಿ ವಿಷಯಕ್ಕೂ “ದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.” ಸೂಚಿಸಿದವರು, ಅನುಮೋದಿಸಿದವರು ಯಾರೆಂದೂ ಬರೆಯಬೇಕಲ್ಲ, ಪಕ್ಷಪಾತವಾಗಬಾರದೆಂದು ಹೆಸರುಗಳನ್ನು ಸರದಿಯ ಪ್ರಕಾರ ಹಾಕುತ್ತಿದ್ದೆ. ಎಂಟು ವರ್ಷದ ಪುಸ್ತಕ ತೆರೆದು ನೋಡಿ, ನಮ್ಮ ಸಂಘದಲ್ಲಿ ಯಾರೂ ಯಾರಿಗೂ ಒಂದು ಎದುರುಮಾತು ಆಡಿಲ್ಲ.

ಅಂದಿನ ಮುಖ್ಯ ವಿಷಯ ಸಂಜೆ ಹಾಲು ಹಾಕುವ ವೇಳೆ. ಐದೂವರೆಗೆ ಮುಚ್ಚುವುದನ್ನು ಆರು ಗಂಟೆಗೆ ಮಾಡಿ ಎಂದು ಕೇಳಿದವಳು ನಿರ್ದೇಶಕರಲ್ಲಿ ಒಬ್ಬಳಾದ ಜಯಮ್ಮ. ಆಲೆಮನೆಯಲ್ಲಿ ಕೆಲಸ, ಬಿಡುವುದು ಐದಕ್ಕೆ. ಮನೆಗೆ ಓಡಿ, ಎರಡು ಹಸು ಕರೆದು, ಕ್ಯಾನು ಹೊತ್ತು ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ವಾರದಲ್ಲಿ ಮೂರು ದಿನ ಹಾಲು ವಾಪಸು. ಹೀಗೇ ಆದರೆ ಒಂದು ಹಸು ಮಾರಬೇಕಾಗುತ್ತದೆ ಎಂದು ಹಿಂದಿನ ಸಭೆಯಲ್ಲೇ ಹೇಳಿದ್ದಳು. ನನಗೆ ವೇಳೆ ಬದಲಿಸುವುದೆಂದರೆ ಮೈಗಾಗದು. “ಈಗಿರುವ ವೇಳೆಯನ್ನೇ ಮುಂದುವರಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು” ಎಂದು ಶುಕ್ರವಾರವೇ ಬರೆದಿಟ್ಟಿದ್ದೆ. ಅನುಮೋದನೆಯ ಸರದಿ ಯಾರದೆಂದು ನೋಡಿದೆ. ಜಯಮ್ಮನದು. ಹಾಕಿಬಿಟ್ಟೆ.

ಅದೇ ಶುಕ್ರವಾರ ಸಂಜೆ ನನ್ನ ಹೆಂಡತಿಗೆ ಅವಳ ತಂಗಿಯ ಮಗಳ ಮದುವೆ ವಿಡಿಯೊ ತೋರಿಸಲು, ಎರಡು ಪರದೆಯಲ್ಲೂ ಒಂದೇ ಕಾಣುವ ವಿಧಾನಕ್ಕೆ ಬದಲಿಸಿದ್ದೆ. ವಾಪಸು ಬದಲಿಸುವುದನ್ನು ಮರೆತೆ.

ಶನಿವಾರ ಜಯಮ್ಮ ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಳು. ನಾನು ಮಾನಿಟರಿನ ಮುಖವನ್ನು ಸದಸ್ಯರ ಕಡೆ ಮಾಡಿ, ಅದರ ಬೆನ್ನಿಗೆ ಕುಳಿತು, ಲ್ಯಾಪ್‌ಟಾಪಿನಲ್ಲಿ ನಡಾವಳಿ ತೆರೆದು ಕೊನೆಯ ಬಾರಿ ಕಣ್ಣಾಡಿಸಿದೆ. ಎಲ್ಲರೂ ಕುರ್ಚಿಯಿಂದ ಮುಂದಕ್ಕೆ ಬಗ್ಗಿದರು. ದೊಡ್ಡ ಪರದೆಗೆ ಬೆರಗಾಗಿದ್ದಾರೆ ಎಂದುಕೊಂಡೆ.

ನಿಂಗೇಗೌಡ ಮೊದಲು ಬಾಯಿಬಿಟ್ಟ. “ಏನಣ್ಣೋ, ಇನ್ನೂ ಕುಡಿಯಾಕ್ ಕಾಪಿನೇ ಬಂದಿಲ್ಲ, ವಂದನಾರ್ಪಣೆ ಆಗೋಗದಲ್ಲ!”

ಹಿಂದಿನ ಸಾಲಿನಿಂದ ಒಬ್ಬ, “ಏಳ್ರಲಾ, ಓಗಾಣ. ಸಭೆ ನೆನ್ನೇನೇ ಮುಗ್ದ್‌ಬುಟ್ಟದೆ,” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಜಯಮ್ಮ ನಗಲಿಲ್ಲ. ಎದ್ದು ಪರದೆಯ ಹತ್ತಿರ ಬಂದು ಒಂದೊಂದೇ ಪದ ಓದಿದಳು. “ಶ್ರೀಮತಿ... ಜಯಮ್ಮನವರು... ಅನುಮೋದಿಸಿದರು.” ಆಮೇಲೆ ಮಾನಿಟರಿನ ಪಕ್ಕದಿಂದ ಬಗ್ಗಿ ನನ್ನ ಮುಖ ನೋಡಿದಳು. “ನಾನ್ ಯಾವಾಗ್ ಅನುಮೋದುಸ್ದೆ ಮಾವ?”

ಸರದಿಯ ವಿಷಯ ಹೇಳಲು ಬಾಯಿ ತೆರೆದೆ. ಅರ್ಧ ಹೇಳುವಷ್ಟರಲ್ಲಿ ನನ್ನ ಮಾತು ನನಗೇ ಕೇಳಲಾಗದೆ ನಿಲ್ಲಿಸಿದೆ.

“ನಂಗ್ ಓದಾಕ್ ಬರಾಕಿಲ್ಲ ಅನ್ಕಂಡಿದ್ರಾ? ಏಳ್ನೇ ಕ್ಲಾಸ್‌ಗಂಟ ಓದೀವ್ನಿ. ನೀವು ಪುಸ್ತಕ ಯಾವತ್ ನಮ್ ಕಡೀಕ್ ತಿರುಗ್ಸಿದೀರಿ? ಇಲ್ಲಾಕು ಸಯಿ ಅಂತ ಬೆಳ್ಳು ತೋರುಸ್ತೀರಿ, ಆಕ್ತೀವಿ.”

ನಿಜ. ನಾನು ಹಾಗೆಯೇ ಅಂದುಕೊಂಡಿದ್ದೆ. ಯಾರನ್ನೂ ಕೇಳಿ ತಿಳಿದದ್ದಲ್ಲ, ಕೇಳುವ ಅಗತ್ಯ ಕಂಡಿರಲಿಲ್ಲ. ಸರ್ವಾನುಮತ ಎಂಬ ನನ್ನ ಅಂದದ ಪದ ನಿಂತಿದ್ದದ್ದು ಆ ಅಂದಾಜಿನ ಮೇಲೆ.

ದಿನಸಿ ಅಂಗಡಿಯ ತಕ್ಕಡಿಯನ್ನು ನೋಡಿದ್ದೀರಲ್ಲ. ಹಿಂದೆ ಮುಳ್ಳು ಎಲ್ಲಿ ನಿಂತಿತೆಂದು ಅಂಗಡಿಯವನೇ ಹೇಳಬೇಕಿತ್ತು. ಈಗಿನ ಯಂತ್ರಕ್ಕೆ ಎರಡು ಮುಖ, ಒಂದು ಮಾರುವವನಿಗೆ, ಇನ್ನೊಂದು ಕೊಳ್ಳುವವರಿಗೆ. ನಮ್ಮ ಸಂಘದಲ್ಲೂ ಹಾಲಿನ ಜಿಡ್ಡು ತೋರಿಸುವ ಯಂತ್ರದ ಅಂಕಿ ಹಾಲು ತಂದವರ ಕಡೆಗೇ ಉರಿಯುತ್ತದೆ. ಹಾಗೆ ಇಡಬೇಕೆಂದು ಹಠ ಹಿಡಿದವನು ನಾನೇ. ಹಾಲಿಗೆ ಕೊಟ್ಟ ಮರ್ಯಾದೆಯನ್ನು ಮಾತಿಗೆ ಕೊಡಬೇಕೆಂದು ಹೊಳೆದಿರಲಿಲ್ಲ. ಕಚೇರಿಯಲ್ಲಿ ಕುಳಿತವನಿಗೆ ಕಾಗದದ ಮುಖ ತನ್ನ ಕಡೆಗಿರುವುದೇ ಲೋಕದ ನಿಯಮ ಅನ್ನಿಸಿಬಿಡುತ್ತದೆ.

“ತಪ್ಪಾಯ್ತು ಕಣವ್ವ,” ಎಂದೆ. ಎಲ್ಲರ ಎದುರಿಗೆ ಆ ಮಾತು ಆಡಿದ್ದು ನನಗೆ ನೆನಪಿರುವಂತೆ ಮೊದಲ ಸಲ.

“ಅದಿರ್ಲಿ, ಅಳುಸಿ ಮದ್ಲು,” ಎಂದಳು.

ಹನ್ನೊಂದು ಜನ ನೋಡುತ್ತಿರುವಾಗ ಅಳಿಸುವುದಿದೆಯಲ್ಲ, ಅದರ ಕಷ್ಟ ಹೇಳಲಾರೆ. ವಂದನಾರ್ಪಣೆಯಿಂದ ಶುರುಮಾಡಿ ಹಿಂದೆ ಹಿಂದೆ ಬಂದೆ. ಸರ್ವಾನುಮತ ಅಕ್ಷರ ಅಕ್ಷರವಾಗಿ ಹೋಯಿತು. ಆಮೇಲೆ ಅವರು ಮಾತಾಡಿದರು, ನಾನು ಬರೆದೆ. ಹಾಲಿನ ವ್ಯಾನು ಆರೂ ಕಾಲಿಗೆ ಬರುತ್ತದೆ, ಕ್ಯಾನು ತುಂಬಲು ಹೊತ್ತು ಸಾಲದು ಎಂದು ನಿಂಗೇಗೌಡ ಹೇಳಿದ. ಬರೆದೆ. “ಆರೂ ಕಾಲ್ಗೆ ಬರ್ತದೆ ಅಂತೀಯಲ್ಲಣ್ಣ, ಆರೂವರೆಗ್ ಮುಂಚೆ ಬಂದಿರಾದ್ ಯಾವತ್ ನೋಡಿದ್ದೀಯ?” ಎಂದಳು ಜಯಮ್ಮ. ಅದನ್ನೂ ಬರೆದೆ. ನನ್ನ ಬೆರಳು ಹಿಂದೆ ಬಿದ್ದಾಗ “ತಡೀರ್ಲಾ, ಅಣ್ಣ ಇನ್ನೂ ವ್ಯಾನತ್ರನೇ ಅವ್ರೆ,” ಎಂದು ಅವರೇ ಕಾದರು. ಕೊನೆಗೆ ಕೈ ಎತ್ತಿಸಿದರು. ಪರ ಏಳು, ವಿರೋಧ ಮೂರು. ಅಧ್ಯಕ್ಷರು ಕೈ ಎತ್ತಲಿಲ್ಲ. ಎಂಟು ವರ್ಷದಲ್ಲಿ ನಾನು ಬರೆದ ಮೊದಲ ವಿರೋಧ ಅದು. ನೋಡಲು ಅಂದವಾಗಿರಲಿಲ್ಲ, ಆದರೆ ಓದಿದರೆ ಆ ಕೊಠಡಿಯಲ್ಲಿ ಜನ ಇದ್ದರೆಂದು ಗೊತ್ತಾಗುತ್ತಿತ್ತು.

ಅಚ್ಚು ತೆಗೆದು, ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ ಇಟ್ಟೆ. ಓದಿ ಸಹಿ ಹಾಕುವಷ್ಟರಲ್ಲಿ ನಾಲ್ಕೂ ಮುಕ್ಕಾಲು. ನನ್ನ ನಾಲ್ಕೂವರೆಯ ಕಾಫಿ ಆ ದಿನ ತಪ್ಪಿತು.

ಉಳಿದದ್ದು ಒಂದೇ ಕೆಲಸ. ಬಾಗಿಲ ಹೊರಗಿನ ಕಪ್ಪು ಹಲಗೆಯ ಮೇಲಿನ ಹಳೆಯ ವೇಳೆ ಒರೆಸಿ, ಸೀಮೆಸುಣ್ಣದಲ್ಲಿ ಸಂಜೆ ಆರು ಗಂಟೆಯವರೆಗೆ ಎಂದು ಸಾಲು ನೆಟ್ಟಗೆ, ನನ್ನ ದುಂಡಕ್ಷರದಲ್ಲಿ ಬರೆದೆ. ಹಸು ಕರೆಯಲು ಹೊರಟಿದ್ದ ಜಯಮ್ಮ ರಸ್ತೆಯ ಆಚೆ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು.

“ದಪ್ಪುಕ್ ಬರೀರಿ ಮಾವ, ಇಲ್ಲಿಗ್ ಕಾಣಾಕಿಲ್ಲ.”

ಒರೆಸಿ, ದೊಡ್ಡದಾಗಿ ಬರೆದೆ.