ರಾಗಿ ಹೊಲದಲ್ಲಿ ಸಿಕ್ಕ ಇಂಜೆಕ್ಷನ್ ಸೂಜಿ

ಕಳೆದ ಸೋಮವಾರ ನಮ್ಮ ಅತ್ತಿಗೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ಅಂಗಾಲಿಗೆ ಏನೋ ಚುಚ್ಚಿತು. ಮುಳ್ಳೆಂದು ಕಿತ್ತು ನೋಡಿದರೆ, ಅರ್ಧಕ್ಕೆ ಮುರಿದು ತುಕ್ಕು ಹಿಡಿದ ಇಂಜೆಕ್ಷನ್ ಸೂಜಿ.

ಅಣ್ಣ ಅದನ್ನು ನನ್ನ ಕೈಗಿಟ್ಟು, "ನೋಡಪ್ಪಾ ಬಿ.ಎ., ನಿಮ್ಮ ಓದಿದೋರ ಕೆಲ್ಸ" ಎಂದ.

ನಮ್ಮೂರು ಪುಟ್ಟೇನಹಳ್ಳಿಯ ಹೊಲಕ್ಕೂ ಆಸ್ಪತ್ರೆಯ ಸೂಜಿಗೂ ಏನು ಸಂಬಂಧ? ಗೊಬ್ಬರದ ಸಂಬಂಧ. ನಮ್ಮ ಕಡೆಯ ರೈತರು ಪಟ್ಟಣದ ಕಸವನ್ನು ಗಾಡಿಯಲ್ಲಿ ತಂದು ತಿಪ್ಪೆಗೆ ಹಾಕುತ್ತಾರೆ. ಕೊಳೆತ ಮೇಲೆ ಹೊಲಕ್ಕೆ ಚೆಲ್ಲುತ್ತಾರೆ. (ಆ ಗೊಬ್ಬರದ ರಾಗಿ ಉಂಡೇ ನಾನು ಬಿ.ಎ. ಪಾಸಾದದ್ದು. ನಮ್ಮ ಮನೆತನದಲ್ಲಿ ಮೊದಲನೆಯವನು. ಹೇಳಿಕೊಳ್ಳಲು ನಾಚಿಕೆಯಿಲ್ಲ.) ಜಯನಗರದ ಕಡೆಯ ಒಂದು ಆಸ್ಪತ್ರೆಯ ಹಿಂದಿನ ಗುಂಡಿಯೆಂದರೆ ಅಣ್ಣನಿಗೆ ಬಲು ಪ್ರೀತಿ. ರೋಗಿಗಳು ಉಂಡ ಎಲೆ, ತರಕಾರಿ ಸಿಪ್ಪೆ, ಒಲೆಯ ಬೂದಿ. ಅದೇ ಗುಂಡಿಗೆ ಕೀವು ಮೆತ್ತಿದ ಬ್ಯಾಂಡೇಜು, ಒಡೆದ ಔಷಧಿ ಬುಡ್ಡಿ, ಮುರಿದ ಸೂಜಿ ಬೀಳುತ್ತವೆಂದು ಅವನಿಗೆ ಹೇಳಿದವರು ಯಾರು?

ಅತ್ತಿಗೆಯ ಕಾಲು ಬಾತಿತ್ತು. ಇಬ್ಬರು ಎಳೆ ಮಕ್ಕಳ ತಾಯಿ; ಧನುರ್ವಾಯು ಬಂದರೆ ಗತಿ? ಅದೇ ಆಸ್ಪತ್ರೆಗೆ ಕರೆತಂದೆ. ಸೂಜಿಯನ್ನು ಒಯ್ದು ದೊಡ್ಡ ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ. (ಮುಟ್ಟಬಾರದೆಂದು ಅವರಿಗೆ ಗೊತ್ತು.)

"ಹೊಲಕ್ಕೆ ಹೋಗೋವಾಗ ಚಪ್ಪಲಿ ಹಾಕ್ಕೊಳ್ಳೋಕೆ ಹೇಳ್ರೀ" ಎಂದರು.

ಪೈರಿನ ನಡುವೆ ನಮ್ಮವರು ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ ಸ್ವಾಮಿ. ಬದುವಿನ ಮೇಲೆ ಬಿಟ್ಟು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿಯುತ್ತಾರೆ. ಇದು ದಡ್ಡತನವೇ? ಹಾಗಾದರೆ ರೋಗಿಗೆ ಚುಚ್ಚಿದ ಸೂಜಿಯನ್ನು ಊಟದೆಲೆಯ ಜೊತೆ ಎಸೆಯುವುದು ಯಾವ ಜಾಣತನ? ಸೂಜಿಗೊಂದು ಮುಚ್ಚಳದ ಡಬ್ಬಿ, ಬ್ಯಾಂಡೇಜು ಸುಡಲು ಒಂದು ಇಟ್ಟಿಗೆ ಗೂಡು. ಇಷ್ಟಕ್ಕೆ ಯಾವ ಫಾರಿನ್ ಡಿಗ್ರಿ ಬೇಕು? ಕೇಳಿಯೇ ಬಿಟ್ಟೆ. ಗೋಡೆಯ ಆಚೆಯದು ತಮ್ಮ ಡಿಪಾರ್ಟ್‌ಮೆಂಟ್ ಅಲ್ಲವೆಂದು ಹೇಳಿ ಕಾಫಿ ತರಿಸಿಕೊಂಡರು. ಒಂದೇ ಲೋಟ.

ಸಿಟ್ಟಿನಿಂದ ಎದ್ದು ಡ್ರೆಸ್ಸಿಂಗ್ ರೂಮಿಗೆ ಬಂದೆ. ನರ್ಸಮ್ಮ ಅತ್ತಿಗೆಗೆ ಇಂಜೆಕ್ಷನ್ ಕೊಟ್ಟು, ರಕ್ತ ಒರೆಸಿದ ಹತ್ತಿಯನ್ನೂ ಔಷಧಿ ಬುಡ್ಡಿಯ ಚೂರನ್ನೂ ಕಾಲ ಬಳಿಯ ಬುಟ್ಟಿಗೆ ಹಾಕಿದರು. ಬುಟ್ಟಿಯಲ್ಲಿ ಆಗಲೇ ಬಾಳೆಹಣ್ಣಿನ ಸಿಪ್ಪೆಯಿತ್ತು.

ಅತ್ತಿಗೆ ಅದನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಅಲ್ಲ ಕಣಮ್ಮಾ, ಈ ಬುಟ್ಟೀನೂ ನಮ್ಮ ಹೊಲಕ್ಕೇ ಬರ್ತದಾ?"

ನರ್ಸಮ್ಮ ತಲೆ ತಗ್ಗಿಸಿದರು. ತಗ್ಗಿಸಬೇಕಾದವರು ಇನ್ನೂ ಕಾಫಿ ಕುಡಿಯುತ್ತಿದ್ದರು.