ಜೈನಾಬಿಯ ಗಿಡಕ್ಕೆ ಮಜ್ಜನದ ನೀರು

ನಮ್ಮ ಮಾವ ಮುರುಗೇಶಪ್ಪನವರು ಸಿಟ್ಟು ಬಂದರೆ ತಾಟು ಸರಿಸಿ ಎದ್ದುಬಿಡುತ್ತಿದ್ದರು. ಹತ್ತು ನಿಮಿಷಕ್ಕೆ ತಾವೇ ಬಂದು ಅದೇ ತಾಟಿನ ಮುಂದೆ ಕೂರುತ್ತಿದ್ದರು. ಸಾರಥಿ ಎಂಬ ಹಳ್ಳಿಯಲ್ಲಿ ಹುಟ್ಟಿ, ದಾವಣಗೆರೆಯ ಬಟ್ಟೆ ಗಿರಣಿಯೊಂದರಲ್ಲಿ ಮೂವತ್ತೊಂದು ವರ್ಷ ಮಗ್ಗದ ಮುಂದೆ ನಿಂತೇ ದುಡಿದವರು. ಗಿರಣಿ ಮುಚ್ಚುವ ಹೊತ್ತಿಗೆ ಮೊಣಕಾಲು ಸವೆದಿತ್ತು. ಕೆಲಸ ಹೋದರೂ ಇಷ್ಟಲಿಂಗ ಪೂಜೆಯ ಶಿಸ್ತನ್ನು ಮಾತ್ರ ಅವರು ಒಂದು ದಿನವೂ ಬಿಟ್ಟದ್ದನ್ನು ನಾನು ಕಾಣೆ.

ಲಿಂಗಕ್ಕೆ ಮಜ್ಜನ ಮಾಡಿಸಿದ ನೀರನ್ನು ಯಾರೂ ತುಳಿಯಬಾರದು, ಬಚ್ಚಲಿಗೂ ಚೆಲ್ಲಬಾರದು. ವಿನೋಬನಗರದಲ್ಲಿ ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ದಿನಾ ಬೆಳಿಗ್ಗೆ ಆ ತಂಬಿಗೆ ಹಿಡಿದು ಇಪ್ಪತ್ತೆರಡು ಮೆಟ್ಟಿಲಿಳಿದು, ಹಿತ್ತಲ ಬೇವಿನ ಬುಡಕ್ಕೆ ಹಾಕಿ ಬರುವುದು ಸೊಸೆಯಾದ ನನ್ನ ಕೆಲಸ. ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತಿತ್ತು, ಮಗಳ ಎರಡು ಜಡೆಯಲ್ಲಿ ಒಂದಷ್ಟೇ ಹಾಕಿ ಆಗಿರುತ್ತಿತ್ತು, ಅಷ್ಟರಲ್ಲಿ ಕೂಗು: "ಬಸವಣ್ಣೆಮ್ಮಾ, ನೀರು!" ಆ ತಂಬಿಗೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

1998ರ ಜೂನ್‌ನಲ್ಲಿ ಎದುರುಮನೆಯ ಖೈರುನ್ನೀಸಾ ಟೀಚರ್‌ಗೆ ಹರಿಹರಕ್ಕೆ ವರ್ಗವಾಯಿತು. ತಾಯಿ ಜೈನಾಬಿಯನ್ನು ಕರೆದುಕೊಂಡು ಹೊರಟವರು, ತಮ್ಮ ಕುಂಡದ ಗಿಡವನ್ನು ನಮ್ಮಲ್ಲಿ ಬಿಟ್ಟರು. ಸೊಂಟದೆತ್ತರದ ಗಿಡ, ಅಗಲ ಎಲೆಗಳ ಮೇಲೆಲ್ಲ ಸುಣ್ಣ ಚಿಮುಕಿಸಿದಂತೆ ಬಿಳಿ ಮಚ್ಚೆ. ಗೇಣುದ್ದದ ತುಂಡಿನಿಂದ ಒಂಬತ್ತು ವರ್ಷ ಅದನ್ನು ಸಾಕಿದ್ದು ಜೈನಾಬಿಯೇ. ಕಣ್ಣು ಮಂಜಾದ ಮೇಲೂ ಒದ್ದೆ ಬಟ್ಟೆ ಹಿಡಿದು ತಡವಿ ತಡವಿ ಒಂದೊಂದೇ ಎಲೆ ಒರೆಸುತ್ತಿದ್ದರು.

"ಅಲ್ಲಿ ಸಿಕ್ಕಿರೋದು ಕತ್ತಲೆ ಕೋಣೆ ಅಕ್ಕಾ, ಬೇರೆ ಮನೆ ಸಿಗೋತನಕ ಇಟ್ಕೊಳ್ರಿ," ಅಂದರು ಖೈರುನ್ನೀಸಾ. "ಬಿಸಿಲು ಬ್ಯಾಡ, ಕಿಟಕಿ ಬೆಳಕು ಸಾಕು. ವಾರಕ್ಕೊಮ್ಮೆ ಮಣ್ಣಿಗೆ ಬೆರಳು ಹಾಕಿ ನೋಡ್ರಿ. ಬೆರಳಿಗೆ ಮಣ್ಣು ಅಂಟಿದ್ರೆ ನೀರು ಹಾಕಬ್ಯಾಡ್ರಿ. ಅಮ್ಮಿಗೆ ಇದು ಅಂದ್ರೆ ಜೀವ."

ಮಾವ ಆಗ ಮನೆಯಲ್ಲಿರಲಿಲ್ಲ. ಕೇಳಿಸಿಕೊಂಡವಳು ನಾನೊಬ್ಬಳೇ.

ಅದೇ ತಿಂಗಳು ಮನೆಯ ಮಾಲೀಕ ಬೇವು ಕಡಿಸಿ ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸಿದ. ಇನ್ನು ನೀರು ಹಾಕಬೇಕಾದರೆ ಬೀದಿ ತುದಿಯ ಹೊಂಗೆ ಮರಕ್ಕೇ ಹೋಗಬೇಕು. ಎರಡು ದಿನ ಗೊಣಗುತ್ತಾ ಹೋಗಿಬಂದೆ. ಮೂರನೆಯ ದಿನ ಮಾವ ಪೂಜೆ ಮುಗಿಸಿ ಎದ್ದವರೇ ತಂಬಿಗೆಯ ನೀರನ್ನು ಕಿಟಕಿ ಪಕ್ಕದ ಕುಂಡಕ್ಕೆ ಸುರಿದರು.

"ಇಲ್ಲಿ ಯಾರೂ ತುಳಿಯಂಗಿಲ್ಲ. ಚಲೋ ಆತು, ನಿನಗೂ ತಿರುಗಾಟ ತಪ್ತು," ಅಂದರು.

ಹೇಳಬೇಕಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಹೊಂಗೆ ಮರದವರೆಗೆ ಹೋಗುವವಳು ನಾನೇ ತಾನೆ? ನುಂಗಿಕೊಂಡೆ. ಸೋಮವಾರ ಬೆರಳು ಹಾಕಿದರೆ ಕೆಸರು ಅಂಟಿತು. ಸೆರಗಿಗೆ ಒರೆಸಿಕೊಂಡು ಸುಮ್ಮನಾದೆ. ಮುಂದಿನ ಸೋಮವಾರವೂ ಹಾಗೇ. ಶ್ರಾವಣ ಬಂತು, ಮಾವನ ಪೂಜೆ ಎರಡು ಹೊತ್ತಾಯಿತು, ನೀರೂ ಎರಡು ತಂಬಿಗೆ. ಕೆಳಗಿನ ಎಲೆಗಳು ಹಳದಿಯಾದವು. ಮಾವನ ಕಣ್ಣಿಗೆ ಬೀಳುವ ಮೊದಲೇ ನಾನು ಕಿತ್ತು ಬಿಸಾಡುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಶ್ರಾವಣ ಕಳೆದು ಒಂದು ಭಾನುವಾರ ಖೈರುನ್ನೀಸಾ ಬಂದರು. ಹರಿಹರದಲ್ಲಿ ದೊಡ್ಡ ಕಿಟಕಿಯ ಮನೆ ಸಿಕ್ಕಿತ್ತು. ಖುಷಿಯಲ್ಲಿ ಗಿಡ ಎತ್ತಲು ಬಗ್ಗಿದವರ ಕೈಯಲ್ಲಿ ಕಾಂಡದ ಬುಡ ಕೊಳೆತ ಬಾಳೆಹಣ್ಣಿನ ಹಾಗೆ ಕುಸಿಯಿತು. ನಾತ ಬಂತು.

"ಏನಾತು ಅಕ್ಕಾ?"

ಮಾವ ಗೋಡೆ ಹಿಡಿದು ಎದ್ದು ಬಂದರು.

"ದಿನಾ ಪೂಜೆ ನೀರು ಇದಕ್ಕೇ ಹಾಕಿದೆ ಟೀಚರಮ್ಮ. ತಪ್ಪು ನಂದು. ಈಕೆಗೆ ಏನೂ ಗೊತ್ತಿಲ್ಲ," ಎಂದು ಕೈ ಮುಗಿದರು.

ಗಿರಣಿಯ ಮ್ಯಾನೇಜರಿಗೂ ತಲೆ ಬಗ್ಗಿಸದ ಮನುಷ್ಯ. ಆಗಲೂ ನಾನು ತುಟಿ ಬಿಚ್ಚಲಿಲ್ಲ.

"ಬಿಡ್ರಿ ಅಜ್ಜಾರೆ, ನೀವು ಬೇಕಂತ ಮಾಡಿಲ್ಲ," ಅಂದರು ಖೈರುನ್ನೀಸಾ. ಚಾಕು ಕೇಳಿ ಇಸಿದುಕೊಂಡು, ಇನ್ನೂ ಗಟ್ಟಿಯಿದ್ದ ತುದಿಯನ್ನು ಮೂರು ಎಲೆಯ ಸಮೇತ ಕತ್ತರಿಸಿದರು. ಹೊಸ ಮಣ್ಣಿಗೆ ಇಟ್ಟರೆ ಬೇರು ಬಿಟ್ಟರೂ ಬಿಡಬಹುದಂತೆ. ಪೇಪರಿನಲ್ಲಿ ಸುತ್ತಿಕೊಂಡು ಮೆಟ್ಟಿಲ ಬಳಿ ಒಂದು ಗಳಿಗೆ ನಿಂತರು. "ಎಲೆ ಒರೆಸಬೇಕು ಅಂತ ಅಮ್ಮಿ ಬೆಳಿಗ್ಗೆಯಿಂದ ಒದ್ದೆ ಬಟ್ಟೆ ಹಿಡ್ಕೊಂಡು ಕೂತಾಳೆ," ಅಂದು ಬಸ್ಸಿಗೆ ನಡೆದರು.

ಅವರು ಹೋದ ಮೇಲೆ ಕೇಳಿದೆ: "ನನಗೆ ಗೊತ್ತಿಲ್ಲ ಅಂತ ಯಾಕ ಹೇಳಿದ್ರಿ ಮಾವ?"

"ಮತ್ತೆ? ಸೋಮವಾರ ಸೋಮವಾರ ನೀನು ಬೆರಳು ಹಾಕಿ ನೋಡೋದು ನಾನು ಕಂಡಿಲ್ಲೇನು? ಕೆಟ್ಟಿದ್ರೆ ನೀನು ಹೇಳದೆ ಬಿಡೋಳಲ್ಲ. ಅದಕ್ಕೇ ಧೈರ್ಯವಾಗಿ ಹಾಕಿದೆ."

ಮಾರನೆಯ ಬೆಳಿಗ್ಗೆ ನನ್ನ ಹೆಸರು ಹಿಡಿದ ಕೂಗು ಕೇಳಲಿಲ್ಲ. ಹೊರಗೆ ಬಂದು ನೋಡಿದರೆ ಮಾವ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈ ಗೋಡೆಗೆ ಕೊಟ್ಟು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಇಳಿಯುತ್ತಿದ್ದರು.

"ಕೊಡ್ರಿ ಮಾವ, ಹೊಂಗೆ ಮರಕ್ಕೆ ನಾನು ಹಾಕಿ ಬರ್ತೀನಿ."

"ಬ್ಯಾಡವ್ವ, ನೀನು ಒಲೆ ನೋಡು."

ನನಗೆ ಗೊತ್ತಿತ್ತು ಎಂಬ ಮಾತು ಅವತ್ತು ಬಾಯಿಂದ ಬರಲಿಲ್ಲ. ಆಮೇಲೆ ನಾಲ್ಕು ವರ್ಷ, ಅವರು ತೀರಿಕೊಳ್ಳುವವರೆಗೆ, ದಿನಾ ಆ ಮೆಟ್ಟಿಲ ಮೇಲೆ ನಿಂತು ನೋಡಿದೆ. ಒಂದು ದಿನವೂ ಆ ಮಾತು ಬರಲಿಲ್ಲ.